ಎರಡು ಕುಕ್ಕರಿಗೆ ಒಂದೇ ಸೀಟಿ

ಆ ಭಾನುವಾರ ಬೆಳಿಗ್ಗೆ ಚಹಾ ಕುಡಿದು ನಾನೂ ಹೆಂಡತಿಯೂ ಸಾಮಾನು ಕಟ್ಟಲು ಕುಳಿತೆವು. ಮೇ ತಿಂಗಳ ಕೊನೆ. ಫ್ಯಾನು ತಿರುಗುತ್ತಿತ್ತು, ಗಾಳಿ ಮಾತ್ರ ಇರಲಿಲ್ಲ. ಗೋವಾದ ಚಿಂಬಲ್‌ನ ಆ ಮನೆಯ ಕೆಳಭಾಗದಲ್ಲಿ ಮನೆಯೊಡತಿ ಆಂಟಿ ಇದ್ದರು. ಮೇಲಿನ ಎರಡು ಕೋಣೆ ಮತ್ತು ಅಡುಗೆಮನೆ ನಮ್ಮದು. ಆಂಟಿಯ ಮಗ ಹೆಂಡತಿ ಮಕ್ಕಳನ್ನು ಕರೆದುಕೊಂಡು ಗಲ್ಫ್‌ನಿಂದ ಕಾಯಂ ಆಗಿ ಮರಳುವವನಿದ್ದ. ಅವರಿಗೆ ಮೇಲಿನ ಮನೆ ಬೇಕು, ಮೇ ಕೊನೆಗೆ ಬಿಡಿ ಎಂದು ಆಂಟಿ ಈಸ್ಟರ್ ಮುಗಿಯುತ್ತಲೇ ಹೇಳಿದ್ದರು. ನನಗೂ ಅದು ಅನುಕೂಲವೇ ಆಗಿತ್ತು. ನನ್ನ ಕೆಲಸ ಸಾಂಕೋಲೆಯ ಒಂದು ಕಾರ್ಖಾನೆಯಲ್ಲಿ, ಕರೆಂಟಿನ ವಿಭಾಗದಲ್ಲಿ. ದಿನಾ ಜುವಾರಿ ಸೇತುವೆ ದಾಟಿ ಹೋಗಿಬರುತ್ತಿದ್ದೆ. ಕಾರ್ಖಾನೆಗೆ ಹತ್ತಿರವೇ ಎರಡನೇ ಮಹಡಿಯಲ್ಲಿ ಒಂದು ಬಾಡಿಗೆ ಮನೆ ಸಿಕ್ಕಿತ್ತು. ಬುಧವಾರ ಬೆಳಿಗ್ಗೆ ಬರುವಂತೆ ಟೆಂಪೋಕ್ಕೆ ಹೇಳಿಟ್ಟಿದ್ದೆ.

ಸಾಮಾನು ಕಟ್ಟುವುದು ಯಾವಾಗಲೂ ನನ್ನ ಹೆಂಡತಿಯ ಕೆಲಸ. ನಾನು ಡಬ್ಬಿ ತಂದುಕೊಡುವವನು, ಹಗ್ಗ ಎಳೆದು ಹಿಡಿಯುವವನು. ಮೂಲೆಯ ಬಾರಿನಿಂದ ದಿನಾ ಸಂಜೆ ಎರಡು ಮೂರು ಖಾಲಿ ರಟ್ಟಿನ ಡಬ್ಬಿ ತರುತ್ತಿದ್ದೆ. ಬಾಟಲಿ ತುಂಬಿ ಬರುವ ಆ ಡಬ್ಬಿಗಳು ಗಟ್ಟಿ. ಒಳಗೆ ರಟ್ಟಿನ ಮನೆಗಳಿರುತ್ತವೆ. ಒಂದೊಂದು ಮನೆಯಲ್ಲಿ ಅವಳು ಒಂದೊಂದು ಉಪ್ಪಿನಕಾಯಿ ಭರಣಿ, ಎಣ್ಣೆ ಬಾಟಲಿ, ಗಾಜಿನ ಲೋಟ ಇಳಿಸುತ್ತಿದ್ದಳು. ಆ ಹೊತ್ತಿಗೆ ಗೋಡೆಯ ಉದ್ದಕ್ಕೂ ಡಬ್ಬಿ ಮೇಲೆ ಡಬ್ಬಿ. ಎಲ್ಲದರ ಮೇಲೂ ದ್ರಾಕ್ಷಿ ಗೊಂಚಲು, ಕುದುರೆ, ಕಿರೀಟ, ಕುಡಿತದ ಹೆಸರುಗಳು.

"ಊರಾಗಿನ ಮಂದಿ ಈಗ ಬಂದು ನೋಡಬೇಕ್ರಿ," ಎಂದಳು. "ಗೋವಾದಾಗ ಇದ್ದು ಇದ್ದು ಇವರು ಮನ್ಯಾಗ ಬಾರ್ ತೆಗದಾರ ಅಂತಾರ."

"ನೀ ಗಲ್ಲೇದ ಮ್ಯಾಲ ಕುಂಡ್ರು. ನಾ ಬಾಟ್ಲಿ ತಂದು ಕೊಡತೇನಿ."

"ನನ್ನ ಕೈಯಾಗ ಗಲ್ಲೇ ಕೊಟ್ರ ಮುಗೀತು. ಬಂದವ್ರಿಗೆಲ್ಲಾ ಮಜ್ಜಿಗಿ ಕುಡಿಸಿ ಮನೀಗೆ ಕಳಸತೇನಿ."

ಇಷ್ಟು ನಗುತ್ತಿದ್ದವಳು ದೇವರ ವಿಷಯ ಬಂದಾಗ ಗಂಭೀರಳಾದಳು. ದೇವರನ್ನು ಆ ಡಬ್ಬಿಯಲ್ಲಿ ಇಡುವುದು ಸಾಧ್ಯವೇ ಇಲ್ಲ ಎಂದಳು. ಬಿಸಿಲಿನಲ್ಲಿ ಎದ್ದು ಹೋಗಿ ಕಿರಾಣಿ ಅಂಗಡಿಯಿಂದ ಬಿಸ್ಕತ್ತಿನ ಡಬ್ಬಿ ಕೇಳಿ ತಂದೆ. ಅದನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅರಿಷಿಣದ ಬೊಟ್ಟಿಟ್ಟು, ಆಮೇಲೆ ದೇವರನ್ನು ಮಲಗಿಸಿದಳು.

ಅವಳ ರೀತಿ ಅವಳದೇ. ಯಾರೂ ಹೇಳಿಕೊಟ್ಟಿದ್ದಲ್ಲ, ಮನೆ ಬದಲಿಸಿ ಬದಲಿಸಿ ಬಂದದ್ದು. ಪಾತ್ರೆ ಖಾಲಿ ಹೋಗಬಾರದು. ಕೊಡದೊಳಗೆ ಬೇಳೆಯ ಪೊಟ್ಟಣ, ಬೇಳೆಯ ನಡುವೆ ಚಮಚ. ನನ್ನ ಬೂಟಿನೊಳಗೆ ಕಾಲುಚೀಲ, ಕಾಲುಚೀಲದೊಳಗೆ ಬಲ್ಬು. ಒಡೆಯುವ ಸಾಮಾನಿಗೆಲ್ಲ ಸೀರೆ ಸುತ್ತುತ್ತಿದ್ದಳು. ಕಾಗದ ಹುಡುಕುವುದು ಯಾಕೆ, ಸೀರೆಗೆ ಬೇರೆ ಚೀಲ ಯಾಕೆ, ಒಂದೇ ಜಾಗದಲ್ಲಿ ಎರಡೂ ಹೋಗುತ್ತವಲ್ಲ ಎನ್ನುವುದು ಅವಳ ಮಾತು. ಡಬ್ಬಿ ಕಟ್ಟಿದ ಮೇಲೆ ತಾನೇ ಒಮ್ಮೆ ಎತ್ತಿ ನೋಡುತ್ತಿದ್ದಳು. ತನಗೆ ಎತ್ತಲಾಗದಿದ್ದರೆ ಬಿಚ್ಚಿ ಎರಡು ಮಾಡುತ್ತಿದ್ದಳು. ಚಹಾದ ಪಾತ್ರೆ, ಸಕ್ಕರೆ, ಲೈಟರು, ಒಂದು ದಿನದ ಅಕ್ಕಿ ಮಾತ್ರ ಬಕೀಟಿನಲ್ಲಿ. ಅದು ಎಲ್ಲಕ್ಕಿಂತ ಕೊನೆಗೆ ಏರಬೇಕು, ಎಲ್ಲಕ್ಕಿಂತ ಮೊದಲು ಇಳಿಯಬೇಕು.

ಮಧ್ಯಾಹ್ನ ನನಗೆ ಕುಕ್ಕರಿನ ಸೀಟಿಯ ನೆನಪಾಯಿತು. ನಮ್ಮ ಮನೆಯಲ್ಲಿ ಎರಡು ಕುಕ್ಕರು: ದಿನದ ಸಣ್ಣದು, ಹಬ್ಬಕ್ಕೂ ನೆಂಟರಿಗೂ ದೊಡ್ಡದು. ಕಲಂಗುಟ್‌ನಿಂದ ಚಿಂಬಲ್‌ಗೆ ಮನೆ ಬದಲಿಸಿ ಬರುವಾಗ ದೊಡ್ಡದರ ಸೀಟಿ ಎಲ್ಲೋ ಬಿದ್ದುಹೋಗಿತ್ತು. ಅಂದಿನಿಂದ ಎರಡಕ್ಕೂ ಒಂದೇ. ಅದನ್ನು ಬಕೀಟಿನಲ್ಲಿ ಹಾಕಿದ್ದೀಯಾ ಎಂದು ಕೇಳಿದೆ.

"ಅದರ ಚಿಂತಿ ನಿಮಗ ಬ್ಯಾಡ. ಕಳೀಲಾರದ ಜಾಗಾದಾಗ ಇಟ್ಟೇನಿ."

"ಎಲ್ಲಿ?"

"ಹೇಳಂಗಿಲ್ಲ. ಹೇಳಿದ್ರ ನೀವು ತಗದು ನೋಡತೀರಿ, ನೋಡಿ ಮತ್ತೊಂದ್ ಕಡಿ ಇಡತೀರಿ. ಅಲ್ಲಿ ಹೋದ ಮ್ಯಾಲ ಕೇಳ್ರಿ, ತಗದು ಕೈಯಾಗ ಕೊಡತೇನಿ."

ಸಂಜೆ ಇಬ್ಬರೂ ಡಬ್ಬಿಗಳ ಮೇಲೆ ಕುಳಿತು ಅವಲಕ್ಕಿ ತಿಂದೆವು. ಮೋಡ ಆಗಿತ್ತು, ಮಳೆ ಬಂದಿರಲಿಲ್ಲ. ಈ ಸಲ ಮಳೆಗಾಲ ಬೇಗ ಹಿಡಿಯುತ್ತದಂತೆ, ರೇಷ್ಮೆ ಸೀರೆಯನ್ನೆಲ್ಲಾದರೂ ಜೋಪಾನ ಮಾಡು ಎಂದೆ. ನಾನು ಅದನ್ನು ಹೇಳಲು ಕಾರಣವಿತ್ತು. ಕಲಂಗುಟ್‌ನಲ್ಲಿ ಹೋಟೆಲಿನ ಹಿಂದಿನ ಕೋಣೆಯಲ್ಲಿ ನಾವು ಕಳೆದ ಮೊದಲ ಮಳೆಗಾಲದಲ್ಲಿ, ತವರಿನವರು ಕೊಟ್ಟ ಒಂದು ರೇಷ್ಮೆ ಸೀರೆಗೆ ಬೂಷ್ಟು ಹಿಡಿದು ಹಾಳಾಗಿತ್ತು. ಧಾರವಾಡದ ಕಡೆಯವಳು, ಟ್ರಂಕಿನಲ್ಲಿಟ್ಟ ಬಟ್ಟೆ ತಾನೇ ಕೊಳೆಯುತ್ತದೆ ಎನ್ನುವುದು ಅವಳಿಗೆ ಗೊತ್ತಿರಲಿಲ್ಲ. ಅವತ್ತು ಮಡಿಕೆ ಬಿಚ್ಚಿ ನೋಡಿ, ಬಾಗಿಲಲ್ಲಿ ಕುಳಿತುಬಿಟ್ಟಿದ್ದಳು. ಅಂದಿನಿಂದ ಮಳೆಗಾಲ ಬಂದರೆ ಅವಳಿಗೆ ಧಾರೆ ಸೀರೆಯದೇ ಹೆದರಿಕೆ. ಮದುವೆಯಲ್ಲಿ ಧಾರೆಗೆ ಉಟ್ಟ ಹಸಿರು ಇಳಕಲ್ ಸೀರೆ, ಕೆಂಪು ಸೆರಗು. ವರ್ಷಕ್ಕೊಂದು ಜಾಗ ಬದಲಿಸಿ ಇಡುತ್ತಿದ್ದಳು.

"ಧಾರೀ ಸೀರಿ ಆಗಲೇ ಇಟ್ಟಾತ್ರಿ," ಎಂದಳು. "ಈ ಸಲ ಅದಕ್ಕ ಮಳಿಗಾಲ ಬಂದದ್ದೂ ಗೊತ್ತಾಗಂಗಿಲ್ಲ, ಹೋದದ್ದೂ ಗೊತ್ತಾಗಂಗಿಲ್ಲ."

ಎಲ್ಲಿ ಎಂದು ನಾನು ಕೇಳಲಿಲ್ಲ. ಕೇಳಬೇಕಾದ ಮಾತು ಅಂತ ಅನ್ನಿಸಲೇ ಇಲ್ಲ.

ಸೋಮವಾರ ನಾನು ಕೆಲಸಕ್ಕೆ ಹೋದೆ. ಬಚ್ಚಲಿನ ನಲ್ಲಿ ನಿಲ್ಲದೆ ಸುರಿಯುವ ಸದ್ದು ಕೇಳಿ ಆಂಟಿ ಮೇಲೆ ಬಂದು ನೋಡಿದ್ದಾರೆ. ಅವಳು ಬಚ್ಚಲಿನ ಬಾಗಿಲಲ್ಲಿ ಬಿದ್ದಿದ್ದಳು. ನನಗೆ ಫೋನು ಬಂತು, ನಾನು ನೇರವಾಗಿ ಆಸ್ಪತ್ರೆಗೆ ಹೋದೆ. ತಲೆಯೊಳಗೆ ನರ ಒಡೆದು ರಕ್ತ ಹರಿದಿದೆ ಎಂದರು. ನಾನು ಹೋದಾಗಲೇ ಅವಳಿಗೆ ಮಾತಿರಲಿಲ್ಲ. ಹೆಸರು ಹಿಡಿದು ಕರೆದೆ. ಕೈ ಹಿಡಿದೆ, ಕೈ ಬೆಚ್ಚಗಿತ್ತು. ಬೆರಳ ಸಂದಿಯಲ್ಲಿ ಹಗ್ಗದ ನಾರು ಇನ್ನೂ ಅಂಟಿಕೊಂಡಿತ್ತು. ಮಂಗಳವಾರ ಸಂಜೆ ಅವಳು ಹೋದಳು. ಕಾಗದಪತ್ರ ಮುಗಿಸಿ ಬುಧವಾರ ಬೆಳಿಗ್ಗೆ ಮನೆಗೆ ಕಳಿಸುತ್ತೇವೆ ಎಂದರು.

ಬುಧವಾರ ಬೆಳಕು ಹರಿಯುವ ಹೊತ್ತಿಗೆ ಅವಳ ಅಕ್ಕ, ಒಬ್ಬ ಕಾಕಾ, ಇನ್ನಷ್ಟು ಜನ ಧಾರವಾಡದಿಂದ ಘಟ್ಟ ಇಳಿದು ಬಂದರು. ಮೆಟ್ಟಿಲು ಹತ್ತಿ ಬಂದವರು ಬಾಗಿಲಲ್ಲೇ ಒಂದು ಗಳಿಗೆ ನಿಂತರು. ಎದುರಿಗೆ ಗೋಡೆ ತುಂಬ ಬಾರಿನ ಡಬ್ಬಿಗಳು. ಕಾಕಾ ಡಬ್ಬಿಗಳನ್ನು ನೋಡಿದರು, ನನ್ನನ್ನು ನೋಡಿದರು.

"ಇಷ್ಟ್ಯಾಕ ಇವು?" ಎಂದರು.

"ಸಾಮಾನು ಅದಾವ್ರಿ ಒಳಗ. ಮನಿ ಬದಲಿ ಮಾಡವ್ರಿದ್ವಿ."

ಅವರು ನಂಬಿದರೋ ಇಲ್ಲವೋ. ಅವಳು ಭಾನುವಾರ ಆಡಿದ ಮಾತು ನೆನಪಾಯಿತು. ಅದನ್ನು ಹೇಳಿ ನಗಲು ಇಡೀ ಮನೆಯಲ್ಲಿ ನನಗೆ ಯಾರೂ ಇರಲಿಲ್ಲ.

ಅಕ್ಕ ಕೂಡಲಿಲ್ಲ. ಅತ್ತು ಅತ್ತು ಅವರ ಗಂಟಲು ದಾರಿಯಲ್ಲೇ ಬಿದ್ದುಹೋಗಿತ್ತು. ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳಿದರು.

"ಧಾರೀ ಸೀರಿ ಎಲ್ಲೈತ್ರಿ?"

ನನಗೆ ತಕ್ಷಣ ಅರ್ಥವಾಗಲಿಲ್ಲ.

"ಆಕಿದು ಧಾರೀ ಸೀರಿ. ನಮ್ಮವ್ವ ಹೋದಾಗ ಅವ್ವನ ಧಾರೀ ಸೀರಿ ಉಡಿಸಿ ಕಳಿಸಿದ್ವಿ. ಅವತ್ತ ಆಕಿ ನನ್ನ ಕೈ ಹಿಡದು ಹೇಳ್ಯಾಳ. ಅಕ್ಕಾ, ನಾ ಮುತ್ತೈದಿಯಾಗಿ ಹೋದ್ರ ನನಗೂ ಇದನ್ನ ಮಾಡು, ಅಂಗಡಿ ಸೀರಿ ಸುತ್ತಿ ಕಳಸಬ್ಯಾಡ ಅಂತ. ಒಂದ ಸಲ ಅಲ್ಲ, ಮತ್ತ ಮತ್ತ ಹೇಳ್ಯಾಳ. ನಿಮಗ ಹೇಳಿಲ್ಲೇನು?"

ನನಗೆ ಹೇಳಿರಲಿಲ್ಲ. ಗಂಡನಿಗೆ ಹೇಳುವ ಮಾತಲ್ಲ ಎಂದುಕೊಂಡಿರಬೇಕು. ಆದರೆ ಅವಳಿಗೆ ಬೇಕಾಗಿದ್ದದ್ದು ಇದೊಂದೇ ಎಂದು ಗೊತ್ತಾದ ಮೇಲೆ ನನಗೆ ಬೇರೆ ಏನೂ ಕಾಣದಂತಾಯಿತು. ಅವಳಿಗಾಗಿ ಮಾಡಲು ಇನ್ನೇನೂ ಉಳಿದಿರಲಿಲ್ಲ. ಆಸ್ಪತ್ರೆಯ ಗಾಡಿ ಬರುವುದರೊಳಗೆ ಆ ಸೀರೆ ಸಿಗಬೇಕಾಗಿತ್ತು.

ಮೊದಲು ಬಟ್ಟೆಯ ಚೀಲಗಳನ್ನು ಸುರಿದೆವು. ಇರಲಿಲ್ಲ. ಟ್ರಂಕಿನಲ್ಲಿ ಹಾಸಿಗೆ ಬಟ್ಟೆ, ನನ್ನ ಸ್ವೆಟರು. ಆಮೇಲೆ ಡಬ್ಬಿಗಳಿಗೆ ಕೈ ಹಾಕಿದೆ. ಅವಳು ಕಟ್ಟಿದ ಹಗ್ಗ, ಅವಳು ಹಾಕಿದ ಗಂಟು. ಬಿಚ್ಚಲು ತಾಳ್ಮೆ ಇರಲಿಲ್ಲ, ಈಳಿಗೆಯ ಅಲಗಿಗೆ ಹಿಡಿದು ಕತ್ತರಿಸಿದೆ. ಒಳಗೆ ಒಂದೊಂದು ಸಾಮಾನಿಗೂ ಒಂದೊಂದು ಸೀರೆ. ಹಳದಿ ವಾಯಿಲ್ ಸೀರೆಯೊಳಗೆ ಗಾಜಿನ ಜಗ್ಗು. ನೀಲಿ ಹೂವಿನದರೊಳಗೆ ಮಿಕ್ಸರಿನ ಜಾರು. ಪಂಚಮಿಗೆ ನಾನು ತಂದುಕೊಟ್ಟಿದ್ದ ಸೀರೆಯೊಳಗೆ ಗೋಡೆ ಗಡಿಯಾರ, ಇನ್ನೂ ನಡೆಯುತ್ತಿತ್ತು. ಅಕ್ಕ ಒಂದೊಂದನ್ನೂ ಬಿಡಿಸಿ ಕೊಡವಿ ಪಕ್ಕಕ್ಕೆ ಹಾಕುತ್ತಿದ್ದರು, ನಾನು ಮುಂದಿನದನ್ನು ಕತ್ತರಿಸುತ್ತಿದ್ದೆ. ಹಸಿರು ಬಣ್ಣ ಕಂಡಾಗಲೆಲ್ಲ ಇಬ್ಬರ ಕೈಯೂ ಅದಕ್ಕೇ ಹೋಗುತ್ತಿತ್ತು. ಒಂದು ಹಸಿರು ಸೀರೆ ಹತ್ತಿಯದು, ಇನ್ನೊಂದು ಅರ್ಧ ಮಾಡಿ ಪರದೆ ಹೊಲಿಸಿದ್ದು.

ಅವಳು ಎಷ್ಟೋ ಸಂಜೆ ಕುಳಿತು ಕಟ್ಟಿದ್ದು ಕಣ್ಣೆದುರೇ ನೆಲದ ಮೇಲೆ ಹರಡಿತು. ಕೂಡಲು ಜಾಗವಿಲ್ಲದೆ ಬಂದವರು ಗೋಡೆಗೆ ಒತ್ತಿ ನಿಂತರು. ದೊಡ್ಡ ಕುಕ್ಕರು ಇದ್ದ ಡಬ್ಬಿಯನ್ನೂ ಬಿಚ್ಚಿದೆ. ಕುಕ್ಕರಿಗೆ ಏನೂ ಸುತ್ತಿರಲಿಲ್ಲ, ಅದು ಒಡೆಯುವ ಸಾಮಾನಲ್ಲ. ಎತ್ತಿ ಕಿಟಕಿಯ ಹತ್ತಿರ ನೆಲಕ್ಕಿಟ್ಟೆ. ಅದರ ಹಿಂದಿದ್ದ ತಟ್ಟೆಗಳ ಗಂಟು ಬಿಚ್ಚಿದೆ. ಕಾಕಾಗೆ ಮೊಣಕಾಲು ನೋವು. ಅವರು ಕುಕ್ಕರಿನ ಪಕ್ಕದಲ್ಲಿ ಕುಳಿತು ಅದರ ಮುಚ್ಚಳದ ಮೇಲೆ ಕೈ ಊರಿಕೊಂಡರು. ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವ ಹಾಗಿಲ್ಲ. ಬೇರೆ ದಿನವಾಗಿದ್ದರೆ ಇಷ್ಟು ಜನ ನೆಂಟರು ಬಂದ ಮನೆಯಲ್ಲಿ ಯಾರಾದರೊಬ್ಬರು ಅನ್ನಕ್ಕಿಡಲು ಮೊದಲು ಆ ಕುಕ್ಕರಿಗೇ ಕೈ ಹಾಕುತ್ತಿದ್ದರು. ಅವತ್ತು ಚಹಾ ಕೂಡ ಕೆಳಗಿನಿಂದ ಆಂಟಿಯೇ ಮಾಡಿ ಕಳಿಸಿದರು. ಅಡುಗೆಯ ಪಾತ್ರೆಯನ್ನು ಯಾರೂ ಮುಟ್ಟಲಿಲ್ಲ.

ಕೆಳಗೆ ಗಾಡಿಯ ಸದ್ದಾಯಿತು. ಆಸ್ಪತ್ರೆಯದು ಬಂದೇಬಿಟ್ಟಿತು ಎಂದು ಎದ್ದೆ. ಕಿಟಕಿಯಿಂದ ನೋಡಿದರೆ ಟೆಂಪೋ. ಬೇಡವೆಂದು ಹೇಳಲು ಮರೆತಿದ್ದೆ. ಡ್ರೈವರು ವಿಜಯಪುರದ ಕಡೆಯವನು, ಬಹಳ ವರ್ಷದಿಂದ ಗೋವಾದಲ್ಲಿ ಟೆಂಪೋ ಓಡಿಸುತ್ತಾನೆ. ಕಲಂಗುಟ್‌ನಿಂದ ನಮ್ಮ ಸಾಮಾನು ತಂದವನೂ ಅವನೇ. ಕೆಳಗಿನಿಂದಲೇ ಕೂಗಿದ.

"ಭಾಬೀ, ಚಾ ಇಡ್ರಿ. ಇವತ್ತರ ಸಕ್ಕರಿ ಚಲೋತ್ನಂಗ ಹಾಕ್ರಿ, ಹೋದ ಸಲ ಬರೇ ಬಿಸಿನೀರ ಕುಡಿಸೀರಿ."

ಮೇಲೆ ಬಂದವನು ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿಗಳನ್ನು ನೋಡಿ ನಿಂತ. ಒಳಗಿನ ಹೆಂಗಸರನ್ನು, ನೆಲದ ಮೇಲಿನ ಸೀರೆಗಳನ್ನು ನೋಡಿದ. ನಾನು ಎದ್ದು ಹೋಗಿ ಹೇಳಿದೆ. ಅವನು ತಲೆಯ ಮೇಲಿನ ಟವೆಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಮೊನ್ನೆ ರವಿವಾರ ಫೋನಿನ್ಯಾಗ ಮಾತಾಡ್ಯಾರಲ್ರಿ ನನ್ನ ಕೂಡ," ಎಂದ. "ದೇವರ ಡಬ್ಬಿ ಮುಂದ ಇಡಬೇಕು, ನಿನ್ನ ಸೀಟಿನ ಬಾಜೂಕ, ಬೀಡಿ ಸೇದಂಗಿಲ್ಲ ಅಂತ ಹೇಳಿದ್ರು."

ಅಕ್ಕ ಒಳಗಿನಿಂದ ಬಂದರು. ಅವರ ಮುಖ ನೋಡಿಯೇ ನನಗೆ ತಿಳಿಯಿತು. ಎಲ್ಲ ಡಬ್ಬಿಯೂ ಮುಗಿದಿತ್ತು.

"ಇನ್ನ ಹುಡುಕೂದು ಸಾಕ್ರಿ," ಎಂದರು. "ಆಕಿ ಬಂದು ಬಾಗಲದಾಗ ಕಾಯಬಾರದು. ಒಂದು ಹಸಿರು ಸೀರಿ ತರಸ್ರಿ."

"ಇನ್ನೊಂದ್ ಸಲ ನೋಡೋಣ್ರಿ ಅಕ್ಕಾರ. ಟ್ರಂಕ್ ಸರಿಯಾಗಿ ನೋಡಿಲ್ಲ ನಾವು."

"ಮೂರ್ ಸಲ ನೋಡೀರಿ."

ನಾನು ಮತ್ತೆ ಟ್ರಂಕಿನ ಮುಂದೆ ಕುಳಿತೆ. ಅವರು ಡ್ರೈವರಿಗೆ ಹೇಳಿ ಕಳಿಸಿದ್ದು ನನಗೆ ಗೊತ್ತಾಗಲಿಲ್ಲ. ಅವನು ಟೆಂಪೋ ತೆಗೆದುಕೊಂಡೇ ಪಣಜಿಗೆ ಹೋದ. ಅಂಗಡಿಗಳು ಇನ್ನೂ ತೆರೆದಿರಲಿಲ್ಲವಂತೆ, ಮಾಲೀಕನ ಮನೆ ಹುಡುಕಿ ಎಬ್ಬಿಸಿ ಬಾಗಿಲು ತೆಗೆಸಿದನಂತೆ. ಮರಳಿ ಬಂದವನು ಪೊಟ್ಟಣವನ್ನು ಅಕ್ಕನ ಕೈಗೆ ಕೊಟ್ಟು, ನೆಲ ನೋಡುತ್ತ ಹೇಳಿದ.

"ಅವ ಹಸಿರಿನ್ಯಾಗ ಹತ್ತ್ ನಮೂನಿ ತೋರಿಸಿದ್ರಿ. ನನಗ ತಿಳೀಲಿಲ್ಲ. ನನ್ನ ಹೆಂಡ್ತಿಗೆ ಫೋನ್ ಹಚ್ಚಿದೆ. ಬಳಿ ಹಸಿರು ಇರತೈತಲ್ಲ, ಅದನ್ನ ತಗೋರಿ ಅಂದ್ಲು. ತಪ್ಪಾಗಿದ್ರ ಹೇಳ್ರಿ, ಬದಲಿ ಮಾಡಸ್ಕೊಂಡು ಬರತೇನಿ."

ತಪ್ಪಾಗಿರಲಿಲ್ಲ. ಅದು ಚಲೋ ಸೀರೆಯೇ. ಆದರೆ ಅವಳದಲ್ಲ.

ಅವಳು ಬಂದಳು. ಹೆಂಗಸರು ಒಳಗೆ ಬಾಗಿಲು ಹಾಕಿಕೊಂಡು ಅರಿಷಿಣ ಹಚ್ಚಿ ನೀರು ಹಾಕಿದರು. ಬಳೆ ತೊಡಿಸಿದರು. ನನ್ನನ್ನು ಕರೆದಾಗ ಅವಳು ಹೊಸ ಸೀರೆಯಲ್ಲಿದ್ದಳು. ಗಂಜಿ ಹೋಗದ ಸೀರೆ, ಮೈಗೆ ಕೂಡದೆ ಅಲ್ಲಲ್ಲಿ ಎದ್ದು ನಿಂತಿತ್ತು. ಸೆರಗಿನ ತುದಿಗೆ ಅಂಗಡಿಯ ಚೀಟಿ ಅಂಟಿಸಿದ್ದರು. ಅಕ್ಕ ಅದನ್ನು ಉಗುರಿನಿಂದ ಕೆರೆದು ತೆಗೆದರು. ಗೋಂದಿನ ಕಲೆ ಮಾತ್ರ ಹೋಗಲಿಲ್ಲ. ಅವರು ಆ ಜಾಗವನ್ನು ಒಳಗೆ ಮಡಚಿದರು. ಉಡಿ ತುಂಬಿದರು. "ತಪ್ಪು ತಿಳಕೋಬ್ಯಾಡ ತಂಗೀ," ಎಂದು ಅವಳ ಕಿವಿಯ ಹತ್ತಿರ ಹೇಳಿದ್ದು ನನಗೆ ಕೇಳಿಸಿತು. ನಾನೂ ಏನಾದರೂ ಹೇಳಬೇಕಾಗಿತ್ತು. ಸೀರೆ ಎಲ್ಲಿಟ್ಟಿದ್ದೀಯಾ ಎಂಬ ಒಂದೇ ಮಾತು ಬಾಯಿಗೆ ಬಂತು. ಅದನ್ನು ನುಂಗಿಕೊಂಡೆ.

ದಿವಸಗಳು ಮುಗಿಯುವವರೆಗೆ ಆಂಟಿ ಮನೆ ಕೇಳಲಿಲ್ಲ. ಅವರ ಮಗನ ಸಂಸಾರ ಬಂದಿಳಿದು ಕೆಳಗಿನ ಕೋಣೆಯಲ್ಲೇ ಇಕ್ಕಟ್ಟಿನಲ್ಲಿತ್ತು. ಅವರ ಪೆಟ್ಟಿಗೆಗಳು ಮೆಟ್ಟಿಲ ಕೆಳಗೆ ಸಾಲಾಗಿ ನಿಂತಿದ್ದವು. ನಾನು ಹತ್ತಿ ಇಳಿಯುವಾಗ ಅವನ್ನು ದಾಟಿ ಹೋಗಬೇಕು. ಆಂಟಿ ದಿನಾ ಬೆಳಿಗ್ಗೆ "ಪುತಾ" ಎಂದು ಮಗನನ್ನು ಕರೆದ ಹಾಗೆ ಕೂಗಿ, ಒಂದು ಪಾವ್ ಬ್ರೆಡ್ಡು ಮತ್ತು ಚಹಾ ಮೆಟ್ಟಿಲ ಮೇಲೆ ಇಟ್ಟು ಹೋಗುತ್ತಿದ್ದರು. ಯಾವಾಗ ಬಿಡುತ್ತೀ ಎಂದು ಅವರು ಒಮ್ಮೆಯೂ ಕೇಳಲಿಲ್ಲ. ಅವರು ಕೇಳದೇ ಇದ್ದುದರಿಂದಲೇ ನಾನು ಇನ್ನು ಉಳಿಯುವ ಹಾಗಿರಲಿಲ್ಲ.

ಹದಿಮೂರನೆಯ ದಿನ ಮುಗಿಸಿ ಅಕ್ಕ ಹೊರಟರು. ಬಿಚ್ಚಿದ ಸೀರೆಗಳನ್ನೆಲ್ಲ ಅವರು ಮಡಚಿ ಒಂದು ಗಂಟು ಮಾಡಿದ್ದರು.

"ಸಾಮಾನು ಕಟ್ಟಿಕೊಟ್ಟು ಹೋಗ್ಲೇನ್ರಿ?"

"ಬ್ಯಾಡ್ರಿ ಅಕ್ಕಾರ. ನಾ ಮಾಡಕೋತೇನಿ."

"ಸೀರಿ?"

"ಇರಲಿ ಬಿಡ್ರಿ."

ಅವರು ಗಂಟಿನಿಂದ ಒಂದು ಹಳೆಯ ನೂಲಿನ ಸೀರೆ ಎಳೆದು ತಮ್ಮ ಚೀಲಕ್ಕೆ ಹಾಕಿಕೊಂಡರು. ಮೆಟ್ಟಿಲು ಇಳಿಯುವಾಗ ಹಿಂದಿರುಗಿ ನೋಡಿ, "ಸಿಕ್ರ ಹೇಳ್ರಿ," ಎಂದರು.

ಅವರು ಹೋದ ಮೇಲೆ ಕಟ್ಟಲು ಕುಳಿತೆ. ಹೊರಗೆ ಮಳೆ ಹಿಡಿದಿತ್ತು. ಸಾಮಾನು ಅದೇ. ಡಬ್ಬಿಗಳೂ ಅವೇ, ಒಂದೂ ಕಡಿಮೆಯಾಗಿರಲಿಲ್ಲ. ಆದರೆ ಅವಳು ತುಂಬಿಸಿದ್ದ ಡಬ್ಬಿಗಳಲ್ಲಿ ಅದೇ ಸಾಮಾನು ಹಿಡಿಸಲು ನನ್ನಿಂದ ಆಗಲಿಲ್ಲ. ಎಲ್ಲ ಡಬ್ಬಿ ತುಂಬಿ ಬಾಯಿ ತೆರೆದು ನಿಂತವು, ಅಡುಗೆಮನೆ ಇನ್ನೂ ಅರ್ಧ ಹಾಗೇ ಇತ್ತು. ಸುರಿದು ಮತ್ತೆ ತುಂಬಿದೆ. ತಟ್ಟೆ ಅಡ್ಡ ಇಟ್ಟಿದ್ದಳೋ ನೆಟ್ಟಗೆ ಇಟ್ಟಿದ್ದಳೋ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಡಬ್ಬಿ ಕತ್ತರಿಸುವಾಗ ನನ್ನ ಕಣ್ಣಿಗೆ ಹಸಿರು ಬಣ್ಣ ಬಿಟ್ಟು ಬೇರೆ ಏನೂ ಬಿದ್ದಿರಲಿಲ್ಲ. ಬೇಳೆಯ ಪೊಟ್ಟಣ ಕೊಡದೊಳಗೆ ಇಳಿಸಿದರೆ ಚಮಚಕ್ಕೆ ಜಾಗವಿಲ್ಲ. ಚಮಚ ಮೊದಲು ಹಾಕಿದರೆ ಪೊಟ್ಟಣ ಹರಿದು ಬೇಳೆ ಚೆಲ್ಲಿತು. ನೆಲದ ಮೇಲಿನ ಬೇಳೆಯನ್ನು ಗುಡಿಸುತ್ತ ಗುಡಿಸುತ್ತ, ಕಸಬರಿಗೆ ಹಿಡಿದುಕೊಂಡೇ ಗೋಡೆಗೆ ಒರಗಿ ಕುಳಿತುಬಿಟ್ಟೆ. ನಾಳೆ ಬೆಳಿಗ್ಗೆ ಟೆಂಪೋ. ಈ ಸಾಮಾನು ಎಂದಿಗೂ ಒಳಗೆ ಹೋಗುವುದಿಲ್ಲ, ನಾನು ಎಂದಿಗೂ ಇಲ್ಲಿಂದ ಏಳುವುದಿಲ್ಲ ಎನ್ನಿಸಿತು. ಬಾಗಿಲಿಗೆ ಬಂದ ಆಂಟಿ ನೋಡಿ ಇಳಿದು ಹೋಗಿ, ಹಳೆಯ ಪೇಪರಿನ ಒಂದು ಕಟ್ಟು ತಂದಿಟ್ಟರು. ಸೀರೆಯ ಗಂಟು ಬಿಚ್ಚಲು ನನ್ನ ಕೈ ಏಳಲಿಲ್ಲ. ಪೇಪರು ಸುತ್ತಿ ಕಟ್ಟಿದೆ. ಮಿಕ್ಕದ್ದನ್ನು ಗೋಣಿಚೀಲಕ್ಕೆ ತುಂಬಿದೆ. ದೊಡ್ಡ ಕುಕ್ಕರು ಯಾವ ಡಬ್ಬಿಗೂ ಹಿಡಿಸಲಿಲ್ಲ, ಅದನ್ನು ಹಾಗೇ ಬಿಟ್ಟೆ.

ಡ್ರೈವರು ಮಳೆಯಲ್ಲೇ ಬಂದ. ತಾಡಪತ್ರಿ ಬಿಗಿದು ಒಂದೊಂದೇ ಇಳಿಸಿದ. ಮೊದಲ ಡಬ್ಬಿ ಎತ್ತಿದ ಕೂಡಲೇ ಒಳಗೆ ಗಡಗಡ ಸದ್ದಾಯಿತು. ಅವನು ನನ್ನ ಕಡೆ ನೋಡಿದ.

"ಸರ, ಇದನ್ನ ನೀವು ಕಟ್ಟೀರಿ," ಎಂದ.

"ಹೌದು."

"ಇರಲಿ. ಸಾವಕಾಶ ಹೊಡಿತೇನಿ."

ದೇವರ ಡಬ್ಬಿಯನ್ನು ಅವನು ತನ್ನ ಸೀಟಿನ ಪಕ್ಕದಲ್ಲೇ ಇಟ್ಟುಕೊಂಡ. ನಾನು ಕುಕ್ಕರನ್ನು ತೊಡೆಯ ಮೇಲಿಟ್ಟುಕೊಂಡು ಅದರ ಆಚೆ ಕುಳಿತೆ. ಸಾಂಕೋಲೆ ಮುಟ್ಟುವವರೆಗೆ ಅವನು ಬೀಡಿ ಹಚ್ಚಲಿಲ್ಲ. ಸೇತುವೆಯ ಮೇಲೆ ಮಳೆಗೆ ಏನೂ ಕಾಣುತ್ತಿರಲಿಲ್ಲ. ಗಾಡಿ ಜಿಗಿದಾಗಲೆಲ್ಲ ನಾನು ಕುಕ್ಕರಿನ ಎರಡೂ ಹಿಡಿಕೆ ಹಿಡಿದುಕೊಳ್ಳುತ್ತಿದ್ದೆ.

ಹೊಸ ಮನೆಯಲ್ಲಿ ಬಕೀಟು ಮೊದಲು ಇಳಿಸಿದೆ. ಚಹಾದ ಪಾತ್ರೆ ಇತ್ತು, ಸಕ್ಕರೆ ಇತ್ತು, ಲೈಟರು ಇತ್ತು. ಕುಕ್ಕರಿನ ಸೀಟಿ ಇರಲಿಲ್ಲ. ಇರುವುದಿಲ್ಲ ಎಂದು ಗೊತ್ತಿತ್ತು, ಆದರೂ ಕೈ ಹಾಕಿ ನೋಡಿದೆ. ತೆರೆದ ಪಾತ್ರೆಯಲ್ಲಿ ಅನ್ನ ಮಾಡಿಕೊಳ್ಳುತ್ತ ದಿನ ತಳ್ಳಿದೆ. ಬೇಳೆ ಬೇಯುತ್ತಿರಲಿಲ್ಲ. ಕೆಲಸದಿಂದ ಬಂದು ಬೇಳೆಗೆ ಇಟ್ಟು ನಿಂತರೆ, ಹಸಿವು ಸತ್ತುಹೋದ ಮೇಲೂ ಕಾಳು ಕಾಳಾಗಿಯೇ ಇರುತ್ತಿತ್ತು. ಕಳೆಯಲಾರದ ಜಾಗ ಎಂದಿದ್ದಳು. ಒಂದು ಡಬ್ಬಿಯಾದ ಮೇಲೆ ಒಂದನ್ನು ಬಿಚ್ಚಿ ಆ ಜಾಗ ಹುಡುಕಿದೆ. ಉಪ್ಪಿನ ಭರಣಿ, ಸಾಸಿವೆ ಡಬ್ಬಿ, ಹೊಲಿಗೆಯ ಪೆಟ್ಟಿಗೆ, ನನ್ನ ಬೂಟು. ದೇವರ ಡಬ್ಬಿಯಲ್ಲೂ ನೋಡಿದೆ.

ಒಂದು ರಜೆಯ ದಿನ, ಮಳೆ ಸ್ವಲ್ಪ ಬಿಟ್ಟಿತ್ತು. ದೊಡ್ಡ ಕುಕ್ಕರು ಕಿಟಕಿಯ ಕೆಳಗೆ, ನಾನು ಇಳಿಸಿದ ದಿನದಿಂದ ಹಾಗೇ ಕುಳಿತಿತ್ತು. ಸಣ್ಣ ಕುಕ್ಕರಿನ ಸೀಟಿಯನ್ನು ದೊಡ್ಡ ಕುಕ್ಕರಿನಲ್ಲಿ ಹಾಕಿಟ್ಟಿರಬಹುದು ಎಂದು ಅವತ್ತು ಹೊಳೆಯಿತು. ಎರಡಕ್ಕೂ ಅದೊಂದೇ ಸೀಟಿ, ಅದರಲ್ಲೇ ಇಟ್ಟಿರಬೇಕು. ಬೇರೆಲ್ಲಿ ಇಡುತ್ತಾಳೆ? ಇಷ್ಟು ದಿನ ನನಗೆ ಹೊಳೆಯಲಿಲ್ಲವಲ್ಲ ಎಂದುಕೊಂಡು ಹೋಗಿ ಕುಳಿತೆ. ಮುಚ್ಚಳ ಬಿಗಿಯಾಗಿತ್ತು. ರಬ್ಬರಿನ ರಿಂಗ್ ಹಾಕಿ, ಹಿಡಿಕೆ ತಿರುಗಿಸಿ, ಅಡುಗೆಗೆ ಮುಚ್ಚುವ ಹಾಗೆ ಮುಚ್ಚಿದ್ದಳು. ಸೀಟಿ ಕೂರುವ ತೂತಿಗೆ ಗೋದಿಹಿಟ್ಟು ಮೆತ್ತಿ ಮುಚ್ಚಿದ್ದಳು. ಹಿಟ್ಟು ಒಣಗಿ ಗಟ್ಟಿಯಾಗಿತ್ತು. ಎರಡೂ ಕೈಯಿಂದ ಒತ್ತಿ ತಿರುಗಿಸಿದೆ.

ಲವಂಗದ ವಾಸನೆ ಬಂತು.

ಹಸಿರು ಸೀರೆ, ಕೆಂಪು ಸೆರಗು ಮೇಲೆ ಬರುವಂತೆ ಸುತ್ತಿ, ಕುಕ್ಕರಿನ ಒಳಮೈಗೆ ಸರಿಯಾಗಿ ಕೂರಿಸಿದ್ದಳು. ನಡುವೆ ಲವಂಗದ ಪುಟ್ಟ ಗಂಟು. ಬೂಷ್ಟಿನ ಒಂದು ಚುಕ್ಕೆ ಇರಲಿಲ್ಲ. ಎಲ್ಲ ಗೋಡೆ ಬೆವರುತ್ತಿದ್ದ ಆ ಮನೆಯಲ್ಲಿ ಅದೊಂದು ಬಟ್ಟೆ ಗರಿಗರಿಯಾಗಿ ಒಣಗಿತ್ತು. ಅವಳು ಹೇಳಿದಂತೆ ಅದಕ್ಕೆ ಮಳೆಗಾಲ ಬಂದದ್ದು ಗೊತ್ತಾಗಿರಲಿಲ್ಲ. ಅವತ್ತು ಬೆಳಿಗ್ಗೆ ಕಾಕಾ ಕೈ ಊರಿ ಕುಳಿತಿದ್ದದ್ದು ಇದರ ಮೇಲೆಯೇ. ಸೇತುವೆ ದಾಟುವಾಗ ನನ್ನ ತೊಡೆಯ ಮೇಲಿದ್ದದ್ದೂ ಇದೇ.

ನಾನು ಅದನ್ನು ಹೊರಗೆ ತೆಗೆಯಲಿಲ್ಲ. ಬಹಳ ಹೊತ್ತು ಮುಚ್ಚಳ ಕೈಯಲ್ಲಿ ಹಿಡಿದುಕೊಂಡೇ ಇದ್ದೆ. ಆಮೇಲೆ ಅಕ್ಕನಿಗೆ ಫೋನು ಮಾಡಿದೆ.

"ಸೀರಿ ಸಿಕ್ತ್ರಿ," ಎಂದೆ.

"ಎಲ್ಲಿತ್ತು?"

ಹೇಳಿದೆ. ಫೋನು ಕಟ್ಟಾಯಿತೇ ಎಂದು ನೋಡಿದೆ.

"ನಾ ಆ ಕುಕ್ಕರ್ ದಾಟಿ ದಾಟಿ ಅಡ್ಡಾಡೀನ್ರಿ ಅವತ್ತ," ಎಂದರು ಕೊನೆಗೆ. ಆಮೇಲೆ, "ಮುಚ್ಚಳಾ ತಗದೀರೇನು?"

"ತಗದೇನ್ರಿ."

"ಮುಚ್ಚಿಬಿಡ್ರಿ. ಮಳಿ ಹವಾ ತಾಗಸಬ್ಯಾಡ್ರಿ. ಆಕಿ ಅಷ್ಟು ಜ್ವಾಪಾನ ಮಾಡಿ ಇಟ್ಟಾಳ."

ಮುಚ್ಚುವ ಮೊದಲು ಕೈ ಇಳಿಬಿಟ್ಟು ನೋಡಿದೆ. ಸೀರೆಯ ಸುತ್ತಲೂ, ಅದರ ಅಡಿಯಲ್ಲೂ ಬೆರಳು ಆಡಿಸಿದೆ. ತಳದ ತಣ್ಣನೆಯ ಲೋಹ ಸಿಕ್ಕಿತು. ಬೇರೆ ಏನೂ ಇರಲಿಲ್ಲ. ಗೋದಿಹಿಟ್ಟು ಕಲಸಿ ತೂತು ಮತ್ತೆ ಮುಚ್ಚಿದೆ. ನನಗೆ ಅವಳಷ್ಟು ಚೊಕ್ಕವಾಗಿ ಮೆತ್ತಲು ಬರಲಿಲ್ಲ.

ಬೇಳೆಯನ್ನು ಈಗ ಬೆಳಿಗ್ಗೆಯೇ ನೆನೆಹಾಕಿ ಹೋಗುತ್ತೇನೆ. ಸಂಜೆ ಬಂದು ತೆರೆದ ಪಾತ್ರೆಯಲ್ಲಿ ಬೇಯಿಸುತ್ತೇನೆ. ಕೆಳಗಿನ ಅಂಗಡಿಯಲ್ಲಿ ಸೀಟಿ ಸಿಗುತ್ತದೆ, ತಂದಿಲ್ಲ. ಅವಳು ಇಟ್ಟ ಸೀಟಿ ಇನ್ನೂ ಸಿಕ್ಕಿಲ್ಲ.